ಸ್ವಿಚ್ ಆರಿಸಿದ್ದರೂ ಶಾಕ್ ಹೊಡೆದದ್ದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಮನೆ ಕಟ್ಟಿಸಿದ್ದು 1996ರಲ್ಲಿ, ಎಂಟು ವರ್ಷದ ನಂತರ ಮೇಲೊಂದು ಮಹಡಿ ಎಬ್ಬಿಸಿದೆವು. ಕೆಳಗಿನ ದೀಪ, ಫ್ಯಾನುಗಳಿಗೆ ಯುಪಿಎಸ್ ಇದೆ, ಮಹಡಿಗೆ ಇಲ್ಲ. ಹೋದ ತಿಂಗಳು ಮೆಟ್ಟಿಲಿನ ಬಲ್ಬ್ ಹೋಯಿತು. ಮಗ ಕೆಳಗಿನ ಸ್ವಿಚ್ ಆರಿಸಿಯೇ ಹೊಸ ಬಲ್ಬ್ ಹಾಕಲು ಹೋದ. ಎಡಗೈಯಲ್ಲಿ ಮೆಟ್ಟಿಲಿನ ಕಬ್ಬಿಣದ ಕಂಬಿ ಹಿಡಿದಿದ್ದ. ಹೋಲ್ಡರಿಗೆ ಬೆರಳು ತಾಗಿದ್ದೇ ತಡ, ಜೋರಾಗಿ ಶಾಕ್ ಹೊಡೆದು ಎರಡು ಮೆಟ್ಟಿಲು ಕೆಳಗೆ ಬಿದ್ದ. ದೇವರ ದಯೆ, ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದರೆ "ಎಂಸಿಬಿ ಇದೆಯಲ್ಲ, ಹೆದರಬೇಡಿ, ರಬ್ಬರ್ ಚಪ್ಪಲಿ ಹಾಕ್ಕೊಂಡು ಮಾಡಿ" ಅಂದರು (ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್). ಜಗಲಿಯ ಎಲ್‌ಇಡಿ ಬಲ್ಬ್ ಆರಿಸಿದ ಮೇಲೂ ರಾತ್ರಿಯಿಡೀ ಮಿಣಮಿಣ ಅನ್ನುತ್ತದೆ. ಊಟದ ಮನೆಗೆಂದು ಹಿತ್ತಾಳೆಯ ತೂಗುದೀಪ ತಂದಿದ್ದೇವೆ. ಅದರಲ್ಲಿ ಮೂರು ವೈರ್, ನಮ್ಮ ತಾರಸಿಯಲ್ಲಿ ಎರಡೇ. ಅದನ್ನೂ ಹಾಕಿ, ಹಳೇ ಸ್ವಿಚ್ಚುಗಳನ್ನೂ ತಾನೇ ಬದಲಿಸುತ್ತೇನೆ ಅಂತ ಮಗನ ಹಟ. ಬಿಡಲೋ ಬೇಡವೋ? ಇನ್ನೊಂದು ತಮಾಷೆ: ಕರೆಂಟ್ ಹೋದಾಗ ಒಮ್ಮೊಮ್ಮೆ ಮೆಟ್ಟಿಲಿನ ದೀಪ ತಾನಾಗಿಯೇ ಹತ್ತಿಕೊಳ್ಳುತ್ತಿತ್ತು. ನಮ್ಮ ಅತ್ತೆ ಅದಕ್ಕೆ ಏನೇನೋ ಕಾರಣ ಹೇಳುತ್ತಾರೆ!

ಉತ್ತರ: ಮೊದಲು ಮಗನ ವಿಷಯ. ಒಂದು ಕೈಯಿಂದ ಇನ್ನೊಂದು ಕೈಗೆ ಕರೆಂಟ್ ಹರಿದರೆ ದಾರಿ ಎದೆಯ ಮೂಲಕವೇ. ಆ ದಿನ ಅಥವಾ ಆಮೇಲೆ ಎದೆ ಡವಗುಟ್ಟಿದ್ದು, ತಲೆ ಸುತ್ತಿದ್ದು, ಕೈ ಜೋಮು ಹಿಡಿದದ್ದು ಇದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ ಇಸಿಜಿ ಮಾಡಿಸಿ. ಏನೂ ಇಲ್ಲದಿದ್ದರೆ ಸಂತೋಷ.

ನೀವು ತಮಾಷೆ ಎಂದು ಕೊನೆಯಲ್ಲಿ ಬರೆದಿರಲ್ಲ, ಇಡೀ ಪತ್ರದಲ್ಲಿ ನನಗೆ ಬೇಕಾಗಿದ್ದದ್ದು ಆ ಸಾಲೇ. ಕರೆಂಟ್ ಹೋದಾಗ ತಾನಾಗಿ ಹತ್ತುವ ದೀಪಕ್ಕೂ ನಿಮ್ಮ ಮಗನಿಗೆ ಹೊಡೆದ ಶಾಕಿಗೂ ಕಾರಣ ಒಂದೇ ಇರಬೇಕು ಎಂದು ನನ್ನ ಅಂದಾಜು. ನಿಮ್ಮ ಅತ್ತೆಯವರಿಗೆ ಹೇಳಿ, ಅಲ್ಲಿ ಯಾರೂ ಓಡಾಡುತ್ತಿಲ್ಲ. ಮಹಡಿ ಎಬ್ಬಿಸುವಾಗ ವೈರಿಂಗ್ ಮಾಡಿದವರು ಒಂದೆರಡು ವೈರ್ ಎಳೆಯುವ ಶ್ರಮ ಉಳಿಸಿಕೊಂಡಿದ್ದಾರೆ, ಅಷ್ಟೇ.

ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಟೂ-ವೇ ಸ್ವಿಚ್ ಇರುತ್ತದೆ. ಇದರಲ್ಲಿ ಸಾಮಾನ್ಯ ಸ್ವಿಚ್ಚಿನ ಹಾಗೆ ಎರಡಲ್ಲ, ಮೂರು ತಿರುಪು. ನಡುವಿನದು ಒಮ್ಮೆ ಮೇಲಿನದಕ್ಕೆ, ಒಮ್ಮೆ ಕೆಳಗಿನದಕ್ಕೆ ಕೂಡುತ್ತದೆ. ಸರಿಯಾದ ಪದ್ಧತಿ ಹೀಗೆ: ಕೆಳಗಿನ ಸ್ವಿಚ್ಚಿನ ನಡು ತಿರುಪಿಗೆ ಫೇಸ್, ಅಂದರೆ ಕರೆಂಟ್ ತರುವ, ಮುಟ್ಟಿದರೆ ಶಾಕ್ ಹೊಡೆಯುವ ವೈರ್. ಅದರ ಎರಡು ತುದಿಯಿಂದ ಮೇಲಿನ ಸ್ವಿಚ್ಚಿನ ಎರಡು ತುದಿಗೆ ಎರಡು ವೈರ್. ಮೇಲಿನ ಸ್ವಿಚ್ಚಿನ ನಡು ತಿರುಪಿನಿಂದ ದೀಪಕ್ಕೆ ಒಂದು ವೈರ್. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಯಾವ ಸ್ವಿಚ್ಚಿನ ಹತ್ತಿರವೂ ಸುಳಿಯದೆ ನೇರ ದೀಪಕ್ಕೆ ಹೋಗಬೇಕು. ಈ ಜೋಡಣೆಯಲ್ಲಿ ದೀಪ ಆರಿದಾಗ ಹೋಲ್ಡರಿಗೆ ಫೇಸ್ ಬರುವುದಿಲ್ಲ.

ಆದರೆ ಹೀಗೆ ಮಾಡಬೇಕಾದರೆ ಕೆಳಗಿನ ಬೋರ್ಡಿನಿಂದ ಮೇಲಿನ ಬೋರ್ಡಿಗೆ ಹೊಸದಾಗಿ ಎರಡು ವೈರ್ ಎಳೆಯಬೇಕು. ಕಟ್ಟಿ ಮುಗಿದ ಗೋಡೆ, ಪೈಪಿನಲ್ಲಿ ಜಾಗ ಇಲ್ಲ. ಆಗ ಹುಟ್ಟುವುದೇ ಅಡ್ಡದಾರಿ. ಕೆಳಗಿನ ಬೋರ್ಡಿನಲ್ಲಿ ಹೇಗೂ ಒಂದು ಫೇಸ್, ಒಂದು ನ್ಯೂಟ್ರಲ್ ಇದೆ, ಮೇಲಿನದರಲ್ಲೂ ಇದೆ. ಪ್ರತಿ ಸ್ವಿಚ್ಚಿನ ಒಂದು ತುದಿಗೆ ಫೇಸ್, ಇನ್ನೊಂದು ತುದಿಗೆ ನ್ಯೂಟ್ರಲ್ ಕೊಟ್ಟು, ನಡುವಿನ ತಿರುಪಿನಿಂದ ದೀಪಕ್ಕೆ ಒಂದೊಂದು ವೈರ್ ಎಳೆದರೆ ಮುಗಿಯಿತು. ಒಂದು ಸ್ವಿಚ್ ಫೇಸ್ ಕಡೆ, ಇನ್ನೊಂದು ನ್ಯೂಟ್ರಲ್ ಕಡೆ ಇದ್ದರೆ ದೀಪ ಉರಿಯುತ್ತದೆ. ಎರಡೂ ಒಂದೇ ಕಡೆ ಇದ್ದರೆ ಆರುತ್ತದೆ. ಮನೆಯವರ ಕಣ್ಣಿಗೆ ಎರಡು ಪದ್ಧತಿಗೂ ಏನೇನೂ ವ್ಯತ್ಯಾಸ ಕಾಣುವುದಿಲ್ಲ.

ಎರಡೂ ಸ್ವಿಚ್ ನ್ಯೂಟ್ರಲ್ ಕಡೆ ಇದ್ದು ದೀಪ ಆರಿದ್ದರೆ ತೊಂದರೆ ಇಲ್ಲ. ಎರಡೂ ಫೇಸ್ ಕಡೆ ಇದ್ದು ಆರಿದ್ದರೆ? ಹೋಲ್ಡರಿನ ಎರಡು ಪಿನ್ನಿಗೂ 230 ವೋಲ್ಟ್ ಬಂದು ನಿಂತಿರುತ್ತದೆ. ಎರಡು ತೊಟ್ಟಿಯಲ್ಲಿ ನೀರು ಒಂದೇ ಮಟ್ಟದಲ್ಲಿದ್ದರೆ ನಡುವಿನ ಪೈಪಿನಲ್ಲಿ ಹರಿವು ಇರುವುದಿಲ್ಲ. ಹಾಗಂತ ತೊಟ್ಟಿ ಖಾಲಿ ಎಂದಲ್ಲವಲ್ಲ. ಬಲ್ಬಿನೊಳಗೆ ಹರಿವು ಇಲ್ಲ, ಆದ್ದರಿಂದ ಅದು ಆರಿದೆ. ನಿಮ್ಮ ಮಗನ ಬೆರಳು ತಾಗಿದ ಕೂಡಲೇ ಅವನ ಕೈ, ಎದೆ, ಇನ್ನೊಂದು ಕೈ, ಗೋಡೆಯಲ್ಲಿ ಹೂತ ಕಬ್ಬಿಣದ ಕಂಬಿ, ಅಲ್ಲಿಂದ ನೆಲ ಎಂದು ಹರಿಯಲು ದಾರಿ ಸಿಕ್ಕಿತು.

ತಾನಾಗಿ ಹತ್ತುವ ದೀಪದ ಗುಟ್ಟೂ ಇದೇ. ನಿಮ್ಮ ಕೆಳಗಿನ ಸ್ವಿಚ್ಚಿಗೆ ಬಂದ ಫೇಸ್ ಯುಪಿಎಸ್‌ನದು, ಮೇಲಿನದಕ್ಕೆ ಬಂದದ್ದು ಹೊರಗಿನ ಲೈನಿನದು. ಕರೆಂಟ್ ಇದ್ದಾಗ ಯುಪಿಎಸ್ ಲೈನನ್ನೇ ಹಾಗೇ ದಾಟಿಸುತ್ತಿರುತ್ತದೆ, ಎರಡೂ ಒಂದೇ ಮಟ್ಟ, ದೀಪ ಆರಿರುತ್ತದೆ. ಕರೆಂಟ್ ಹೋದ ಕೂಡಲೇ ಮೇಲಿನ ಫೇಸ್ ವೈರ್ ಸತ್ತು, ಅಲ್ಲಿ ಚಾಲೂ ಇಟ್ಟ ಫ್ಯಾನಿನ ಅಥವಾ ಫ್ರಿಜ್ಜಿನ ಮೂಲಕ ನ್ಯೂಟ್ರಲ್‌ಗೆ ಸೇರಿದಂತಾಗುತ್ತದೆ. ಕೆಳಗಿನದು ಬ್ಯಾಟರಿಯಿಂದ ಜೀವಂತ. ಮಟ್ಟ ಬೇರೆಯಾಯಿತು, ದೀಪ ಹತ್ತಿತು. ಎರಡು ಸ್ವಿಚ್ಚೂ ಫೇಸ್ ಕಡೆ ಇದ್ದಾಗ ಮಾತ್ರ ಹೀಗಾಗುವುದರಿಂದ ನಿಮಗೆ "ಒಮ್ಮೊಮ್ಮೆ" ಎಂದು ಕಂಡಿದೆ.

ಇದರಲ್ಲಿ ಇನ್ನೂ ಕೆಟ್ಟ ಸಂಗತಿ ಒಂದಿದೆ. ಆ ಹೊತ್ತಿನಲ್ಲಿ ಯುಪಿಎಸ್‌ನ ಕರೆಂಟ್ ಮೆಟ್ಟಿಲಿನ ಬಲ್ಬನ್ನು ದಾಟಿ ಮಹಡಿಯ ವೈರಿಂಗಿಗೆ ಹಿಂದಿನಿಂದ ನುಗ್ಗಿರುತ್ತದೆ. "ಕರೆಂಟ್ ಹೋಗಿದೆ, ಮಹಡಿಗೆ ಯುಪಿಎಸ್ ಇಲ್ಲ" ಎಂದು ಯಾರಾದರೂ ಧೈರ್ಯವಾಗಿ ಮೇಲಿನ ಬೋರ್ಡ್ ಬಿಚ್ಚಿದರೆ ಅಲ್ಲಿಯೂ ಶಾಕ್ ಕಾದಿರಬಹುದು.

ಸಾಗರದ ಕಡೆ ಒಂದು ಮನೆಯಲ್ಲಿ ಇಂಥದೇ ಸ್ವಿಚ್ ಬಿಚ್ಚಿದ್ದು ನೆನಪಿದೆ. ಬೇಕಲೈಟಿನ ಹಳೇ ಪಿಯಾನೋ ಸ್ವಿಚ್. ಒಂದು ತುದಿಗೆ ಕೆಂಪು ವೈರ್, ಇನ್ನೊಂದಕ್ಕೆ ಕಪ್ಪು. ಎರಡರ ನಡುವೆ ಅರ್ಧ ಬೆರಳಿನಷ್ಟೂ ಅಂತರವಿಲ್ಲ. ಒಳಗೋಡೆಯಲ್ಲಿ ಮಸಿಯ ಗೆರೆ, ಬಾಕ್ಸಿನ ತಳದಲ್ಲಿ ಹಲ್ಲಿಯ ಒಣ ಅಸ್ಥಿಪಂಜರ. ಮಳೆಗಾಲದ ತೇವಕ್ಕೆ ಸ್ವಿಚ್ಚಿನೊಳಗೆ ಸಣ್ಣ ಕಿಡಿ ಹಾರಿದರೂ ಫೇಸ್ ಮತ್ತು ನ್ಯೂಟ್ರಲ್ ಅಲ್ಲೇ ಕೂಡಿ ಶಾರ್ಟ್ ಆಗಬಹುದಾದ ಜೋಡಣೆ ಅದು. ಸರಿಯಾದ ಪದ್ಧತಿಯಲ್ಲಿ ನ್ಯೂಟ್ರಲ್ ಸ್ವಿಚ್ಚಿನೊಳಗೆ ಇರುವುದೇ ಇಲ್ಲವಾದ್ದರಿಂದ ಸ್ವಿಚ್ ಎಷ್ಟೇ ಹಳೆಯದಾದರೂ ಈ ಶಾರ್ಟಿಗೆ ಅವಕಾಶವಿಲ್ಲ.

ಹಾಗಾದರೆ ಕೂತಲ್ಲೇ ನಾನು ತೀರ್ಪು ಕೊಟ್ಟೆನೆ? ಇಲ್ಲ, ಇನ್ನೊಂದು ಸಾಧ್ಯತೆಯೂ ಇದೆ. ಟೂ-ವೇ ಸ್ವಿಚ್ಚಿಗೆ ಮೇಲೆ ಒತ್ತಿದರೆ ಆಫ್, ಕೆಳಗೆ ಒತ್ತಿದರೆ ಆನ್ ಎಂಬ ನಿಯಮವಿಲ್ಲ. ಇನ್ನೊಂದು ಸ್ವಿಚ್ ಹೇಗಿದೆಯೋ ಅದರ ಮೇಲೆ ಹೋಗುತ್ತದೆ. ಬಲ್ಬ್ ಬೇರೆ ಸುಟ್ಟಿತ್ತು. ಅಂದಮೇಲೆ ಮಗ ಆರಿಸಿದನೋ ಹಾಕಿದನೋ ಅವನಿಗೇ ಗೊತ್ತಾಗುವಂತಿರಲಿಲ್ಲ. ವೈರಿಂಗ್ ಅಚ್ಚುಕಟ್ಟಾಗಿದ್ದರೂ ಶಾಕ್ ಹೊಡೆಯಬಹುದಿತ್ತು. ಆದರೆ ತಾನಾಗಿ ಹತ್ತುವ ದೀಪ ನನ್ನನ್ನು ಮೊದಲ ಕಾರಣದ ಕಡೆಗೇ ಎಳೆಯುತ್ತದೆ. ಖಚಿತವಾಗಬೇಕಾದರೆ ಬಲ್ಬ್ ತೆಗೆದು, ಎರಡು ಸ್ವಿಚ್ಚಿನ ನಾಲ್ಕೂ ಸ್ಥಿತಿಯಲ್ಲಿ ಹೋಲ್ಡರಿನ ಎರಡೂ ಪಿನ್ ಪರೀಕ್ಷಿಸಬೇಕು. ಯಾವುದಾದರೂ ಒಂದು ಸ್ಥಿತಿಯಲ್ಲಿ ಎರಡೂ ಪಿನ್ನಿನಲ್ಲಿ ಫೇಸ್ ಸಿಕ್ಕಿದರೆ ಅಡ್ಡದಾರಿಯೇ. ಇದನ್ನು ನೀವಾಗಲಿ ಮಗನಾಗಲಿ ಮಾಡಬೇಡಿ. ಬರುವ ಎಲೆಕ್ಟ್ರಿಷಿಯನ್ನಿಗೆ ಇಷ್ಟು ಹೇಳಿ, ಕೆಲಸ ಬಲ್ಲವನಾದರೆ ಅರ್ಧ ಮಾತಿನಲ್ಲೇ ಹಿಡಿಯುತ್ತಾನೆ.

ಇನ್ನು ಫೋನಿನಲ್ಲಿ ಸಿಕ್ಕಿದ ಧೈರ್ಯದ ಮಾತು. "ಎಂಸಿಬಿ ಇದೆಯಲ್ಲ" ಎಂಬುದನ್ನು ನಾನು ಇಷ್ಟು ವರ್ಷದಲ್ಲಿ ಸಾವಿರ ಸಲ ಕೇಳಿರಬಹುದು. ಲೆಕ್ಕ ನೋಡಿ. ಒದ್ದೆ ಕೈಯಾಗಿದ್ದರೆ ದೇಹದ ತಡೆ ಸುಮಾರು 1000 ಓಮ್ ಎಂದು ಹಿಡಿಯುವ ರೂಢಿ ಇದೆ. 230 ವೋಲ್ಟಿಗೆ ಮೈಯಲ್ಲಿ ಹರಿಯುವುದು 0.23 ಆಂಪಿಯರ್. ದೀಪದ ಸರ್ಕ್ಯೂಟಿನ ಎಂಸಿಬಿ 6 ಆಂಪಿಯರಿನದು. ಅದರ ಪಾಲಿಗೆ ನಿಮ್ಮ ಮಗ ಒಂದು 50 ವಾಟಿನ ಬಲ್ಬ್, ಅಷ್ಟೇ. ಅದು ಯಾಕೆ ಬೀಳಬೇಕು? ಎಂಸಿಬಿ ಇರುವುದು ಗೋಡೆಯೊಳಗಿನ ವೈರ್ ಕಾಯ್ದು ಬೆಂಕಿ ಹತ್ತದಂತೆ ಮಾಡಲು, ಮನುಷ್ಯನನ್ನು ಕಾಯಲು ಅಲ್ಲ. 10 ಮಿಲಿ ಆಂಪಿಯರ್ ಆಸುಪಾಸಿನಲ್ಲೇ ಹಿಡಿದ ಕೈ ಬಿಡಿಸಿಕೊಳ್ಳಲಾಗದ ಹಾಗೆ ಸ್ನಾಯು ಬಿಗಿಯುತ್ತದೆ. ಮನುಷ್ಯನನ್ನು ಕಾಯುವುದು ಕರೆಂಟ್ ಸೋರಿಕೆ ಹಿಡಿಯುವ ಸ್ವಿಚ್, ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂತೆಂದರೆ ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. ಮಗನ ಶಾಕ್‌ನಂಥದ್ದನ್ನು, ಅಂದರೆ ಫೇಸ್‌ನಿಂದ ನೆಲಕ್ಕೆ ಹರಿದದ್ದನ್ನು, ಅದು ಹಿಡಿಯುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಮಾತ್ರ ಅದಕ್ಕೂ ಗೊತ್ತಾಗುವುದಿಲ್ಲ, ಏಕೆಂದರೆ ಹೋದದ್ದಷ್ಟೂ ವಾಪಸ್ ಬರುತ್ತಿರುತ್ತದೆ.

ರಬ್ಬರ್ ಚಪ್ಪಲಿಯೂ ಹಾಗೇ. ಒಣಗಿದ್ದರೆ, ಸವೆದಿರದಿದ್ದರೆ, ಕಾಲಿನ ದಾರಿಯೊಂದನ್ನು ಅದು ತಡೆಯುತ್ತದೆ. ಕೈಯಲ್ಲಿ ಹಿಡಿದ ಕಂಬಿಯ ದಾರಿಯನ್ನು ಚಪ್ಪಲಿ ಹೇಗೆ ತಡೆದೀತು? ಮಲೆನಾಡಿನ ಆಷಾಢದಲ್ಲಿ ಒಣ ಚಪ್ಪಲಿ ಎಲ್ಲಿಂದ ತರುವುದು ಎಂಬುದು ಬೇರೆ ಪ್ರಶ್ನೆ.

ಮೂರನೆಯ ನಂಬಿಕೆ ಟೆಸ್ಟರಿನದು. ಜೇಬಿನಲ್ಲಿ ಸಿಕ್ಕಿಸಿಕೊಳ್ಳುವ ನಿಯಾನ್ ಟೆಸ್ಟರ್ ಹತ್ತಿದರೆ ಕರೆಂಟ್ ಇರಬಹುದು ಎಂದರ್ಥ. ಹತ್ತದಿದ್ದರೆ ಕರೆಂಟ್ ಇಲ್ಲ ಎಂದರ್ಥವಲ್ಲ. ಒಣ ಮರದ ಸ್ಟೂಲಿನ ಮೇಲೆ ನಿಂತಿದ್ದರೆ, ಬಿಸಿಲಿನ ಬೆಳಕಿದ್ದರೆ, ಒಳಗಿನ ನಿಯಾನ್ ಹಾಳಾಗಿದ್ದರೆ, ಜೀವಂತ ವೈರಿನಲ್ಲೂ ಅದು ಮಂಕಾಗಿ ಕೂತಿರುತ್ತದೆ. ನಿಮ್ಮ ಮನೆಯಂತೆ ಮಳೆಗೆ ತೇವ ಹಿಡಿದ ಕಡೆ ಸುಮ್ಮಸುಮ್ಮನೆ ಹತ್ತುವುದೂ ಉಂಟು.

ಜಗಲಿಯ ಎಲ್‌ಇಡಿ ವಿಷಯ ಬೇಗ ಮುಗಿಸುತ್ತೇನೆ. ಎಲ್‌ಇಡಿ ಮಿಣುಕಲು ಬೇಕಾಗುವ ಕರೆಂಟ್ ತೀರಾ ಅತ್ಯಲ್ಪ. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ದೀಪವಿದ್ದರೆ ಅದರ ಮೂಲಕ ಹರಿಯುವಷ್ಟೇ ಸಾಕು. ಅದಿಲ್ಲದಿದ್ದರೂ ಒಂದೇ ಪೈಪಿನಲ್ಲಿ ಉದ್ದಕ್ಕೆ ಒತ್ತಾಗಿ ಹೋಗುವ ಪಕ್ಕದ ಫೇಸ್ ವೈರಿನಿಂದ ಸ್ವಲ್ಪ ಕರೆಂಟ್ ಮುಟ್ಟದೆಯೇ ದಾಟಿ ಬರುತ್ತದೆ. ಇವೆರಡೂ ನಿರುಪದ್ರವಿ, ಬೇರೆ ಬಲ್ಬ್ ಹಾಕಿದರೆ ಎಷ್ಟೋ ಸಲ ನಿಂತುಹೋಗುತ್ತದೆ, ಬಿಲ್ಲಿನಲ್ಲಿ ಏನೂ ಕಾಣಿಸುವುದಿಲ್ಲ. ಉಪದ್ರವದ್ದು ಮೂರನೆಯ ಕಾರಣ: ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ವೈರಿಗೆ ಹಾಕಿರುವುದು. ಆಗ ದೀಪ ಆರಿದಾಗಲೂ ಹೋಲ್ಡರಿಗೆ ಫೇಸ್ ಬಂದೇ ಇರುತ್ತದೆ. ಮೆಟ್ಟಿಲಿನ ಕೆಲಸಕ್ಕೆ ಬಂದವರಿಂದ ಇದನ್ನೂ ನೋಡಿಸಿ. ಹಳೇ ಮನೆಗಳಲ್ಲಿ ಎಲ್ಲ ವೈರೂ ಒಂದೇ ಬಣ್ಣದ್ದಿರುತ್ತದೆ, ಎಲ್ಲೋ ಒಂದು ಕಡೆ ಅದಲುಬದಲಾದರೆ ಮೂವತ್ತು ವರ್ಷ ಯಾರಿಗೂ ಗೊತ್ತಾಗುವುದಿಲ್ಲ.

ತೂಗುದೀಪಕ್ಕೆ ಬರೋಣ. ಅದರ ಮೂರು ವೈರು ಕಂದು, ನೀಲಿ, ಹಸಿರು-ಹಳದಿ ಗೆರೆಯದು ಇರಬೇಕು. ಕಂದು ಫೇಸಿಗೆ, ನೀಲಿ ನ್ಯೂಟ್ರಲ್‌ಗೆ, ಹಸಿರು-ಹಳದಿ ಅರ್ತಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರಿಗೆ. ಇಲ್ಲೊಂದು ಎಡವಟ್ಟಿದೆ. ನಮ್ಮ ಮನೆಗಳ ವೈರಿಂಗಿನಲ್ಲಿ ರೂಢಿಯಾಗಿ ಕೆಂಪು, ಹಳದಿ, ನೀಲಿ ಮೂರೂ ಫೇಸಿನ ಬಣ್ಣ, ಕಪ್ಪು ನ್ಯೂಟ್ರಲ್. ಮೂರು ಫೇಸಿನ ಮನೆಯ ಗೋಡೆಯಿಂದ ಬಂದ ನೀಲಿ ಫೇಸ್ ಆಗಿರಬಹುದು, ದೀಪದಿಂದ ಬಂದ ನೀಲಿ ನ್ಯೂಟ್ರಲ್. ನೀಲಿಗೆ ನೀಲಿ ಕೂಡಿಸಿ "ಬಣ್ಣ ನೋಡಿಯೇ ಹಾಕಿದೆ ಸಾರ್" ಎಂದವರನ್ನು ಕಂಡಿದ್ದೇನೆ. ಬಣ್ಣ ಒಂದು ಸೂಚನೆ ಮಾತ್ರ, ಪರೀಕ್ಷೆ ಮಾಡಿಯೇ ನಂಬಬೇಕು.

ತಾರಸಿಯಲ್ಲಿ ಅರ್ತ್ ವೈರ್ ಇಲ್ಲ, ಏನು ಮಾಡುವುದು? ಸಾಮಾನ್ಯವಾಗಿ ಆಗುವುದು ಎರಡು. ಹಸಿರನ್ನು ಕತ್ತರಿಸಿ ಟೇಪ್ ಸುತ್ತುವುದು, ಇಲ್ಲವೇ ನ್ಯೂಟ್ರಲ್‌ಗೆ ಸೇರಿಸಿಬಿಡುವುದು. ಮೊದಲನೆಯದರಲ್ಲಿ ಒಳಗಿನ ವೈರಿನ ಸಿಪ್ಪೆ ಎಂದಾದರೂ ಹಿತ್ತಾಳೆಯ ಅಂಚಿಗೆ ಉಜ್ಜಿ ಸವೆದರೆ ಇಡೀ ದೀಪವೇ ಫೇಸ್ ಆಗುತ್ತದೆ. ಯಾವ ಎಂಸಿಬಿಯೂ ಬೀಳುವುದಿಲ್ಲ. ಎರಡನೆಯದು ಅದಕ್ಕಿಂತ ಘಾತಕ. ದೀಪದಲ್ಲಿ ಏನೂ ದೋಷವಿಲ್ಲದಿದ್ದರೂ, ಹಿಂದೆಲ್ಲೋ ನ್ಯೂಟ್ರಲ್ ಒಂದು ಕಡೆ ಸಡಿಲವಾದರೆ ಸಾಕು, ಉರಿಯುತ್ತಿರುವ ಬಲ್ಬಿನ ಮೂಲಕವೇ ಫೇಸ್ ಬಂದು ಹಿತ್ತಾಳೆಯ ಮೈಗೆ ಕೂರುತ್ತದೆ. ದೀಪ ಆರಿತಲ್ಲ ಎಂದು ನೋಡಲು ಕೈ ಚಾಚುವ ಹೊತ್ತೇ ಅದು.

ನಾನು ಒಪ್ಪುವ ದಾರಿಗಳು ಮೂರು. ಪೈಪಿನಲ್ಲಿ ಜಾಗವಿದ್ದರೆ ಸ್ವಿಚ್ ಬೋರ್ಡಿನಿಂದ ಹಸಿರು ವೈರ್ ಎಳೆಸಿ, ದೀಪಕ್ಕೆ 1.5 ಚದರ ಮಿ.ಮೀ. ತಾಮ್ರದ್ದು ಧಾರಾಳ. ಪೈಪ್ ಕಟ್ಟಿಕೊಂಡಿದ್ದರೆ ಗೋಡೆ, ತಾರಸಿಯ ಮೇಲೆಯೇ ಕೇಸಿಂಗ್-ಕ್ಯಾಪಿಂಗ್ (ಮುಚ್ಚಳವಿರುವ ಪ್ಲಾಸ್ಟಿಕ್) ಪಟ್ಟಿಯಲ್ಲಿ ತರಿಸಿ. ನೋಟಕ್ಕೆ ಅಷ್ಟಕ್ಕಷ್ಟೇ, ಆದರೆ ಸುರಕ್ಷಿತ. ಇವೆರಡೂ ಬೇಡವೆಂದರೆ ಈ ದೀಪ ಹಿಂದಿರುಗಿಸಿ, ಚೌಕದೊಳಗೆ ಚೌಕದ ಗುರುತಿರುವ ದೀಪ ತನ್ನಿ. ಅದು ಎರಡು ಪದರದ ಇನ್ಸುಲೇಷನ್ ಇರುವಂಥದ್ದು, ಅದಕ್ಕೆ ಅರ್ತ್ ಬೇಕಿಲ್ಲ. ನಾಲ್ಕನೆಯದೂ ಒಂದಿದೆ, ಹಿತ್ತಾಳೆ ತೂಗುದೀಪಕ್ಕೆ ಎಣ್ಣೆ ಬತ್ತಿ ಹಾಕುವುದು. ನಮ್ಮ ಅಜ್ಜಿಗೆ ಯಾವ ಅರ್ತಿಂಗೂ ಬೇಕಾಗಿರಲಿಲ್ಲ!

ಅರ್ತ್ ಎಳೆಸುವಿರಾದರೆ ಮೊದಲು ಮನೆಯ ಅರ್ತಿಂಗ್ ಬದುಕಿದೆಯೇ ನೋಡಿಸಿ. 1996ರ ಗುಂಡಿ, ಅದರಲ್ಲಿ ಹೂತ ಪೈಪ್, ಉಪ್ಪು, ಇದ್ದಿಲು. ಇಷ್ಟು ಮಳೆಗೆ ಪೈಪಿನ ಕೊರಳಿನ ಹತ್ತಿರ ಸತು ಲೇಪಿಸಿದ ಕಬ್ಬಿಣದ (ಜಿಐ) ತಂತಿ ತುಕ್ಕು ಹಿಡಿದು ಕಡಿದುಹೋಗಿರುವುದೇ ಹೆಚ್ಚು. ಇದನ್ನು ನೋಡಲು ಕೆಲವರು ಫೇಸಿಗೂ ಅರ್ತಿಗೂ ನಡುವೆ ಬಲ್ಬ್ ಹಿಡಿಯುತ್ತಾರೆ. ನನಗೆ ಆ ಪದ್ಧತಿ ಇಷ್ಟವಿಲ್ಲ. ಅರ್ತ್ ಚೆನ್ನಾಗಿದ್ದರೆ ಬಲ್ಬ್ ಉರಿಯುತ್ತದೆ, ನಿಜ. ಕಡಿದಿದ್ದರೆ ಆ ಕ್ಷಣಕ್ಕೆ ಬಲ್ಬಿನ ಮೂಲಕ ಮನೆಯ ಫ್ರಿಜ್, ಗೀಸರ್, ಮಿಕ್ಸಿ ಎಲ್ಲದರ ಮೈಗೂ ಕರೆಂಟ್ ಏರುತ್ತದೆ. ಪರೀಕ್ಷೆ ಜಗಲಿಯಲ್ಲಿ, ಶಾಕ್ ಅಡುಗೆಮನೆಯಲ್ಲಿ. ಅರ್ತ್ ಅಳೆಯುವ ಮೀಟರ್ ತರುವವರನ್ನೇ ಕರೆಸಿ.

ಇನ್ನೊಂದು ಸಣ್ಣ ಮಾತು. ತೂಗುದೀಪದ ಹೋಲ್ಡರ್ ತಿರುಪಿನದಾಗಿದ್ದರೆ, ಅಂದರೆ ಬಲ್ಬನ್ನು ಸುತ್ತಿ ಕೂರಿಸುವಂಥದ್ದಾದರೆ, ಫೇಸ್ ತಳದ ನಡುವಿನ ಬಿಂದುವಿಗೇ ಬರಬೇಕು, ನ್ಯೂಟ್ರಲ್ ಸುತ್ತಿನ ಲೋಹದ ತಿರುಪಿಗೆ. ನಮ್ಮ ಹಳೇ ಎರಡು ಪಿನ್ನಿನ ಹೋಲ್ಡರಿನಲ್ಲಿ ಯಾವುದು ಯಾವ ಕಡೆಯಾದರೂ ನಡೆಯುತ್ತಿತ್ತು. ಇದರಲ್ಲಿ ಅದಲುಬದಲಾದರೆ ಬಲ್ಬ್ ಸುತ್ತುವಾಗ ಬೆರಳಿಗೆ ತಾಗುವ ಲೋಹದ ಸುತ್ತೇ ಫೇಸ್. ದೀಪದ ಭಾರ ತಾರಸಿಯ ಕೊಕ್ಕೆಯ ಮೇಲೆ ಸರಪಳಿಯಿಂದ ಇರಲಿ, ವೈರಿನ ಮೇಲೆ ಬೇಡ.

ಈಗ ಮಗರಾಯನ ಹಟ. ಇದಕ್ಕೆ ಕಾನೂನೇ ಒಂದು ಗೆರೆ ಎಳೆದಿದೆ, 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ. ಇರುವ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ಚುಗಳನ್ನು ಅಂಥದ್ದೇ ಇನ್ನೊಂದರಿಂದ ಬದಲಿಸುವುದಕ್ಕೆ ಲೈಸೆನ್ಸ್ ಬೇಡ. ವೈರಿಂಗಿನ ಸ್ವರೂಪ ಅಥವಾ ಸಾಮರ್ಥ್ಯ ಬದಲಿಸುವ ಕೆಲಸಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರೇ ಬೇಕು. ನನ್ನ ಅನುಭವವೂ ಇದೇ ಗೆರೆಗೆ ಬಂದು ನಿಲ್ಲುತ್ತದೆ. ಒಂದು ಹಳೇ ಸ್ವಿಚ್ ತೆಗೆದು ಅದೇ ಜಾಗದಲ್ಲಿ ಹೊಸ ಸ್ವಿಚ್ ಕೂರಿಸುವುದನ್ನು ಅವನು ಕಲಿಯಲಿ, ನಾನೂ ಹಾಗೇ ಕಲಿತದ್ದು. ಮೆಟ್ಟಿಲಿನ ಜೋಡಣೆ ಬದಲಿಸುವುದು, ತೂಗುದೀಪಕ್ಕೆ ಹೊಸ ವೈರ್ ಎಳೆಯುವುದು ಅವನ ಕೆಲಸವಲ್ಲ. ಮೆಟ್ಟಿಲು ಸರಿಯಾಗುವವರೆಗೆ ಸ್ವಿಚ್ ಬದಲಿಸುವುದೂ ಬೇಡ. ಯಾವ ವೈರಿಗೆ ಎಲ್ಲಿಂದ ಕರೆಂಟ್ ಬರುತ್ತಿದೆ ಎಂದು ಈ ಮನೆಯಲ್ಲಿ ಈಗ ಯಾರೂ ಹೇಳಲಾರರು.

ಅದು ಸರಿಯಾದ ಮೇಲೆ ಅವನು ಮಾಡುವ ದಿನ ಹೀಗೆ ಮಾಡಲಿ. ಹಗಲು ಹೊತ್ತು, ಮಳೆ ಗುಡುಗು ಇಲ್ಲದ ದಿನ. ಮೊದಲು ಕರೆಂಟಿರುವ ಸಾಕೆಟ್ಟಿನಲ್ಲಿ ಟೆಸ್ಟರ್ ಹತ್ತುವುದನ್ನು ನೋಡಲಿ. ಆಮೇಲೆ ಮೇನ್ ಆರಿಸಲಿ. ಹಳೇ ಕಿಟ್‌ಕ್ಯಾಟ್ ಫ್ಯೂಸ್ (ಕಿತ್ತು ಹಾಕಬಹುದಾದ ಪಿಂಗಾಣಿಯದು) ಇದ್ದರೆ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳಲಿ, ಬೇರೆ ಯಾರೂ ಅರಿಯದೆ ಹಾಕುವಂತಿರಬಾರದು. ಹಳೇ ಮನೆಗಳಲ್ಲಿ ನ್ಯೂಟ್ರಲ್‌ಗೂ ಒಂದು ಫ್ಯೂಸ್ ಇರುತ್ತದೆ. ಅದೊಂದನ್ನೇ ಕಿತ್ತರೆ ಮನೆಯೆಲ್ಲ ಕತ್ತಲಾಗುತ್ತದೆ, ಫೇಸ್ ಮಾತ್ರ ಎಲ್ಲ ಕಡೆ ಜೀವಂತವಾಗಿಯೇ ಇರುತ್ತದೆ.

ನಂತರ ಯುಪಿಎಸ್. ಮೇನ್ ಆರಿಸಿದ ಕೂಡಲೇ ಅದು ತನ್ನ ಕೆಲಸ ಶುರು ಮಾಡುತ್ತದೆ, ಅದಕ್ಕೇ ಅಲ್ಲವೇ ನಾವು ದುಡ್ಡು ಕೊಟ್ಟು ತಂದಿರುವುದು. ವೃತ್ತಿಗೆ ಬಂದ ಹೊಸತರಲ್ಲಿ ನಾನೇ ಮೇನ್ ಆರಿಸಿ, ಅದರ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ನಿರಾಳವಾಗಿ ಸ್ಟೂಲ್ ಹತ್ತಿ ದೀಪದ ವೈರ್ ಹಲ್ಲಿನಿಂದ ಸಿಪ್ಪೆ ತೆಗೆಯಲು ಹೋದವನು. ಅಟ್ಟದ ಮೇಲೆ ಒಂದು ಯುಪಿಎಸ್ ಗುಂಯ್ ಎನ್ನುತ್ತಿದ್ದದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಕೆಳಗೆ ಬಿದ್ದಾಗ ಮೊದಲು ಅನಿಸಿದ್ದು ಯಾರೋ ದವಡೆಗೆ ಹೊಡೆದರು ಎಂದು. ಅಂದಿನಿಂದ ವೈರ್ ಸ್ಟ್ರಿಪ್ಪರ್ ಇಲ್ಲದೆ ಮನೆ ಬಿಟ್ಟಿಲ್ಲ. ಯುಪಿಎಸ್‌ನ ಮುಂದಿನ ಬಟನ್ ಆರಿಸಿದರೆ ಸಾಲದು ಎಂಬುದನ್ನೂ ನೆನಪಿಡಿ: ಹೆಚ್ಚಿನವು ಬಟನ್ ಆರಿಸಿದಾಗಲೂ ಲೈನಿನ ಕರೆಂಟನ್ನು ಹಾಗೇ ದಾಟಿಸುತ್ತವೆ. ಮೇನೂ ಆರಿರಬೇಕು, ಬಟನ್ನೂ ಆರಿರಬೇಕು.

ಇಷ್ಟಾದ ಮೇಲೆ, ಮೊದಲು ಹತ್ತಿದ್ದ ಅದೇ ಸಾಕೆಟ್ಟಿನಲ್ಲಿ ಟೆಸ್ಟರ್ ಆರಿದೆಯೇ ನೋಡಿ, ಬೋರ್ಡ್ ಬಿಚ್ಚಿ, ಒಳಗಿನ ಪ್ರತಿ ತಿರುಪಿಗೂ ಮುಟ್ಟಿಸಬೇಕು, ಕಪ್ಪು ವೈರಿಗೂ. ಒಂದಾದರೂ ಹತ್ತಿದರೆ ಮುಚ್ಚಿಟ್ಟು ನನ್ನಂಥವರನ್ನು ಕರೆಯಿರಿ. ಏನೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡು ಕಡೆಯಿಂದ ಫೋಟೊ ತೆಗೆಯಲಿ. ಹೊಸ ಸ್ವಿಚ್ಚಿಗೆ ವೈರ್ ಹಾಕುವಾಗ ತುದಿಯ ಎಳೆಗಳನ್ನೆಲ್ಲ ಹೊಸೆದು ತಿರುಪಿನೊಳಗೆ ಕೂರಿಸಬೇಕು, ಒಂದು ಎಳೆಯೂ ಹೊರಗೆ ಮೀಸೆಯಂತೆ ಚಾಚಿರಬಾರದು. ತಿರುಪು ಬಿಗಿದು ಒಮ್ಮೆ ಎಳೆದು ನೋಡಬೇಕು. ಬಿದ್ದುಹೋಗುವುದಿದ್ದರೆ ಈಗಲೇ ಬೀಳಲಿ. ನಾನು ಕಂಡ ಸುಟ್ಟ ಬೋರ್ಡುಗಳಲ್ಲಿ ಓವರ್‌ಲೋಡಿಗಿಂತ ಸಡಿಲ ತಿರುಪಿನವೇ ಜಾಸ್ತಿ. ಸ್ವಿಚ್ಚಿನ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 3854 ಎಂಬ ಸಂಖ್ಯೆ ಇದೆಯೇ ನೋಡಿಕೊಂಡು ತನ್ನಿ. ವೈರಿಗಾದರೆ ಐಎಸ್ 694. ಬಿಚ್ಚಿದಾಗ ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ ವೈರ್ ಕಂಡರೆ, ಅಥವಾ ಸಿಪ್ಪೆ ಬಿಸ್ಕತ್ತಿನಂತೆ ಪುಡಿಯಾದರೆ, ಸ್ವಿಚ್ ಬದಲಿಸುವುದು ಬಿಟ್ಟು ವೈರಿಂಗ್ ಬದಲಿಸುವ ಮಾತಾಡಿ.

ಕೆಲಸದ ಸರದಿ ಹೇಳುತ್ತೇನೆ. ಮೊದಲು ಮೆಟ್ಟಿಲು. ಸರಿಯಾಗಿ ಮರುಜೋಡಿಸಲು ಎರಡು ಬೋರ್ಡಿನ ನಡುವೆ ವೈರ್ ಎಳೆಯಬೇಕಾಗುತ್ತದೆ, ಕೇಸಿಂಗ್ ಪಟ್ಟಿ ಕಾಣಿಸಿದರೂ ಚಿಂತೆಯಿಲ್ಲ. ಅದು ಬೇಡವೆನಿಸಿದರೆ ಮೇಲಿನ ಸ್ವಿಚ್ಚನ್ನು ತೆಗೆಸಿ, ಕೆಳಗಿನದೊಂದರಿಂದಲೇ ನಡೆಯುವ ಸಾಧಾರಣ ದೀಪ ಮಾಡಿಸಿ; ಕತ್ತಲಲ್ಲಿ ಮೇಲಿಂದ ಇಳಿಯುವವರಿಗೆ ಟಾರ್ಚ್ ಬೇಕು ಎಂಬುದೊಂದು ಕೊರತೆ. ಆಳು ಬಂದರೆ ತಾನಾಗಿ ಹತ್ತುವ ಸೆನ್ಸರ್ ಬಲ್ಬ್ ಹಾಕಿದರೆ ಆ ಕೊರತೆಯೂ ನೀಗುತ್ತದೆ, ಆದರೆ ಸೆನ್ಸರ್ ಬಲ್ಬಿನ ಹೋಲ್ಡರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಅದನ್ನು ಬದಲಿಸುವಾಗ ಸ್ವಿಚ್ ಆರಿಸಲು ಮರೆಯುವಂತಿಲ್ಲ. ಎರಡನೆಯದು ಅರ್ತಿಂಗ್. ಮೂರನೆಯದು ಆರ್‌ಸಿಸಿಬಿ.

ಆರ್‌ಸಿಸಿಬಿ ಹಾಕಿಸುವಾಗ ಒಂದು ಎಚ್ಚರಿಕೆ. ಯುಪಿಎಸ್ ಇರುವ ಹಳೇ ಮನೆಗಳಲ್ಲಿ ಫೇಸ್ ಮಾತ್ರ ಯುಪಿಎಸ್‌ನಿಂದ ಬಂದು, ನ್ಯೂಟ್ರಲ್ ಎಲ್ಲಕ್ಕೂ ಒಂದೇ ಆಗಿರುತ್ತದೆ. ಹೋದ ದಾರಿ ಒಂದು, ಬಂದ ದಾರಿ ಇನ್ನೊಂದು. ಆರ್‌ಸಿಸಿಬಿ ಇದನ್ನೇ ಸೋರಿಕೆ ಎಂದು ತಿಳಿದು ದಿನಕ್ಕೆ ಹತ್ತು ಸಲ ಬೀಳುತ್ತದೆ. ಮೂರನೇ ದಿನ ಮನೆಯವರು ಬೇಸತ್ತು ಫೋನ್ ಮಾಡುತ್ತಾರೆ, ಎಲೆಕ್ಟ್ರಿಷಿಯನ್ ಬಂದು ಅದನ್ನು ಬೈಪಾಸ್ ಮಾಡಿ ಹೋಗುತ್ತಾನೆ, ಡಬ್ಬಿ ಮಾತ್ರ ಗೋಡೆಯ ಮೇಲೆ ಉಳಿಯುತ್ತದೆ. ಆದ್ದರಿಂದ ಯುಪಿಎಸ್‌ನ ನ್ಯೂಟ್ರಲ್ ಬೇರ್ಪಡಿಸುವುದೂ ಸೇರಿಯೇ ಮಾತು ಮುಗಿಸಿ. ಹಾಕಿದ ಮೇಲೆ ಅದರ ಮೇಲಿರುವ "ಟೆಸ್ಟ್" ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಬೀಳಬೇಕು. ಬೀಳದಿದ್ದರೆ ಅದು ಬರೀ ಅಲಂಕಾರ.

ತೂಗುದೀಪ ಕೊನೆಗೆ. ಅಲ್ಲಿಯವರೆಗೆ ಮೆಟ್ಟಿಲಿನ ಹೋಲ್ಡರ್ ಖಾಲಿ ಇದ್ದರೆ ಹಾಗೆ ಬಿಡಬೇಡಿ, ಮಕ್ಕಳಿರುವ ಮನೆಯಾದರೆ ಇನ್ನೂ ಬೇಡ. ಮೇನ್, ಯುಪಿಎಸ್ ಎರಡೂ ಆರಿಸಿ, ಒಣಗಿದ ಕೈಯಲ್ಲಿ, ಕಂಬಿ ಹಿಡಿಯದೆ ನಿಂತು, ಹೋಲ್ಡರಿನ ಒಳಗೆ ಬೆರಳು ಹೋಗದಂತೆ ಗಾಜಿನ ಭಾಗ ಹಿಡಿದು ಆ ಸುಟ್ಟ ಬಲ್ಬನ್ನೇ ವಾಪಸ್ ಸಿಕ್ಕಿಸಿಡಿ. ಉರಿಯದಿದ್ದರೂ ಬಾಯಿ ಮುಚ್ಚಿಕೊಂಡಿರುತ್ತದೆ.